ಬೋಟಿನ ಫ್ಯಾನ್ ಬದಲಿಸುವ ಮೊದಲು ಆರ್‌ಪಿಎಂ ಬರೆದಿಡಿ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಾಸ್ ಬೋಟ್‌ಗಳ ವೇಗದ ಬಗ್ಗೆ. ಮುಂದೆ ನಿಂತು ಗಾಳ ಎಸೆಯಲು ಚಪ್ಪಟೆ ಡೆಕ್, ತಗ್ಗಾದ ಅಂಚು, ಹಿಂದೆ ಒಂದೇ ಔಟ್‌ಬೋರ್ಡ್ ಎಂಜಿನ್ ಇರುವ ಈ ಅಮೆರಿಕನ್ ಮಾದರಿಯ ಬೋಟು ಈಗ ಬೆಂಗಳೂರಿನ ಹವ್ಯಾಸಿಗಳ ಟ್ರೇಲರ್ ಏರಿದೆ. ಬಾಸ್ ಮೀನು ನಮ್ಮ ನೀರಿನದ್ದಲ್ಲ, ಬೋಟು ಮಾತ್ರ ಬಂದಿದೆ! ಜಲಾಶಯಕ್ಕೆ ಇಳಿಸುವ ಮೊದಲು ನೀರಾವರಿ ಮತ್ತು ಅರಣ್ಯ ಇಲಾಖೆಗಳ ಅನುಮತಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಮ್ಮದು 16 ಅಡಿಯ ಫೈಬರ್ ಬೋಟ್, 60 ಎಚ್‌ಪಿ ಫೋರ್ ಸ್ಟ್ರೋಕ್ ಎಂಜಿನ್, 13 ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲ್ಲರ್. ಮಂಗಳೂರಿನಲ್ಲಿ ಕೊಳ್ಳುವಾಗ ಫುಲ್ ಥ್ರಾಟಲ್‌ನಲ್ಲಿ 5400 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಬಂದಿತ್ತು. ಹೇಮಾವತಿ ಹಿನ್ನೀರಿನಲ್ಲಿ ನಾಲ್ಕು ಜನ ಕೂತರೆ 4900 ದಾಟುವುದಿಲ್ಲ, ಜಿಪಿಎಸ್‌ನಲ್ಲಿ ಗಂಟೆಗೆ 42 ಕಿ.ಮೀ. 15 ಪಿಚ್‌ನ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್ ಹಾಕಿದರೆ ವೇಗ ಹೆಚ್ಚುತ್ತದೆಯೇ?
— ಓದುಗರು, ಬಸವನಗುಡಿ

ಉತ್ತರ: ಹೆಚ್ಚುವುದಿಲ್ಲ, ಎಂಜಿನ್ ಇನ್ನಷ್ಟು ತಿಣುಕುತ್ತದೆ. ನೀವು ಹೋಗಬೇಕಾದದ್ದು ಕೆಳಕ್ಕೆ, 11 ಪಿಚ್‌ಗೆ.

ಪಿಚ್ ಎಂದರೆ ಪ್ರೊಪೆಲ್ಲರ್ (ಮಲ್ಪೆ, ಮಂಗಳೂರು ಕಡೆಯವರ ಬಾಯಲ್ಲಿ ಫ್ಯಾನ್) ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಅಳತೆ. ಮರಕ್ಕೆ ಸ್ಕ್ರೂ ತಿರುಗಿಸಿದರೆ ಒಂದೊಂದು ಸುತ್ತಿಗೂ ಇಷ್ಟಿಷ್ಟು ಒಳಹೋಗುತ್ತದಲ್ಲ, ಅದೇ ಲೆಕ್ಕ. ನೀರು ಮರದಷ್ಟು ಗಟ್ಟಿಯಲ್ಲದ್ದರಿಂದ ಒಂದಿಷ್ಟು ಜಾರುತ್ತದೆ. ಪಿಚ್ ಹೆಚ್ಚಿಸುವುದೆಂದರೆ ಮೇಲಿನ ಗೇರ್ ಹಾಕಿದಂತೆ. ಉಸಿರು ಸಾಲದ ಎಂಜಿನ್‌ಗೆ ದೊಡ್ಡ ಪಿಚ್ ಕೊಟ್ಟರೆ ನಂದಿಬೆಟ್ಟದ ತಿರುವನ್ನು ಟಾಪ್ ಗೇರ್‌ನಲ್ಲಿ ಹತ್ತಿಸಿದ ಹಾಗಾಗುತ್ತದೆ.

ಲೆಕ್ಕ ಹೀಗೆ: ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ (ಪ್ರೊಪೆಲ್ಲರ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತಬೇಕು ಎಂಬ ಸಂಖ್ಯೆ) ಭಾಗಿಸಿ, ಬಂದದ್ದನ್ನು 656ರಿಂದ ಭಾಗಿಸಿ. ಒಂದಿಷ್ಟೂ ಜಾರದಿದ್ದರೆ ಗಂಟೆಗೆ ಎಷ್ಟು ಕಿ.ಮೀ. ಎಂಬ ಉತ್ತರ ಸಿಗುತ್ತದೆ. ನಿಮ್ಮ ಗೇರ್ ಅನುಪಾತ 1.85 ಎಂದಿಟ್ಟುಕೊಂಡರೆ (ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ) 4900ಕ್ಕೆ 52.5 ಕಿ.ಮೀ. ಬರಬೇಕಿತ್ತು. ಬಂದದ್ದು 42. ಅಂದರೆ ಜಾರುವಿಕೆ 20%. ಇಂಥ ಬೋಟಿಗೆ 10ರಿಂದ 15% ಸಹಜ, 20 ಜಾಸ್ತಿ.

ಮಂಗಳೂರಿನಲ್ಲಿ ಇದ್ದ 5400 ಎಲ್ಲಿ ಹೋಯಿತು? ಒಂದು ಪಾಲು ಗಾಳಿಯಲ್ಲಿ. ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿ ತೆಳುವಾಗಿ, ಪ್ರತಿ 1000 ಅಡಿಗೆ ಎಂಜಿನ್ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಬರುವ ಜಲಾಶಯಗಳ ಪಟ್ಟಿ ನೋಡಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಕಬಿನಿ 2284, ಹೇಮಾವತಿ 2922. ಇವೆಲ್ಲ ಸಮುದ್ರಮಟ್ಟದಿಂದ ಲೆಕ್ಕ ಹಾಕಿದವು. (ಕೆಆರ್‌ಎಸ್‌ನ 124.80 ಅಡಿಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅದು ಕಟ್ಟೆಯ ಅಳತೆಪಟ್ಟಿಯದು.) ಹೇಮಾವತಿಯಲ್ಲಿ ನಿಮ್ಮ 60 ಎಚ್‌ಪಿ ಹೆಚ್ಚುಕಡಿಮೆ 55ರಂತೆ ದುಡಿಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಈ ತೊಂದರೆ ಇಲ್ಲ ಎಂದು ಮಾರುವವರು ಹೇಳುವುದುಂಟು. ಇಂಜೆಕ್ಷನ್ ಪೆಟ್ರೋಲನ್ನು ಗಾಳಿಗೆ ತಕ್ಕಂತೆ ಕಡಿಮೆ ಮಾಡೀತು, ಇಲ್ಲದ ಗಾಳಿಯನ್ನು ಎಲ್ಲಿಂದ ತಂದೀತು?

ಆದರೆ ಶಕ್ತಿ 9% ಹೋದರೆ ಆರ್‌ಪಿಎಂ ಕೂಡ 9% ಇಳಿಯುವುದಿಲ್ಲ. ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿ ಸುತ್ತಿನ ಘನಕ್ಕೆ ಅನುಗುಣವಾಗಿ ಏರುವುದರಿಂದ ಇಳಿಕೆ ಸುಮಾರು 3% ಅಷ್ಟೇ. ಹಾಗಾಗಿ 5400 ಎಂಬುದು 5230ಕ್ಕೆ ಬರಬೇಕಿತ್ತು. ಉಳಿದ 330 ಸುತ್ತು ಬೋಟಿನೊಳಗೇ ಕಳೆದಿದೆ: ನಾಲ್ಕು ಜನರ ಭಾರ, ಬ್ಯಾಟರಿ, ಲೈವ್‌ವೆಲ್‌ನ, ಅಂದರೆ ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಯ ನೀರು (ಲೀಟರಿಗೆ ಒಂದು ಕಿಲೋ), ಡೆಕ್ ಅಡಿಯಲ್ಲಿ ನಿಂತ ನೀರು, ತುದಿ ಮಡಿಚಿದ ರೆಕ್ಕೆ. ಮೊದಲು ಇವನ್ನು ನೋಡಿ. ಡ್ರೈನ್ ಪ್ಲಗ್ ಬಿಚ್ಚಿ ಟ್ರೇಲರ್ ಮೂತಿ ಎತ್ತಿ ಅರ್ಧ ಗಂಟೆ ಬಿಟ್ಟರೆ ಎಷ್ಟು ನೀರು ಹೊತ್ತು ತಿರುಗುತ್ತಿದ್ದಿರಿ ಎಂದು ಗೊತ್ತಾಗುತ್ತದೆ.

ಆಮೇಲೆ ಪಿಚ್. ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 11ಕ್ಕೆ ಬಂದರೆ 5200–5300, ಭಾರ ಇಳಿಸಿ ಎಂಜಿನ್ ಎತ್ತರ ಸರಿಮಾಡಿದರೆ 5500 ಮುಟ್ಟಬಹುದು. ಆಗ ಜಾರುವಿಕೆ 12% ಹಿಡಿದರೂ ವೇಗ ಸುಮಾರು 44 ಕಿ.ಮೀ. ಸಣ್ಣ ಪಿಚ್ ಹಾಕಿಯೂ ಈಗಿನದಕ್ಕಿಂತ ಮುಂದೆ. 15 ಹಾಕಿದರೆ ಎಂಜಿನ್ 4550ರ ಆಸುಪಾಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಫುಲ್ ಥ್ರಾಟಲ್ ಮಿತಿ 5000–6000 ಎಂದಿದ್ದರೆ, ಅದರ ಕೆಳಗೆ ದಿನವೂ ಓಡಿಸುವುದು ಪಿಸ್ಟನ್‌ಗೆ ಕೆಟ್ಟದ್ದು. ಶಾಖ ಏರುತ್ತದೆ, ಮಸಿ ಕಟ್ಟುತ್ತದೆ, ಎಂಜಿನ್ ಒಳಗೆ ಬಡಿಯತೊಡಗುತ್ತದೆ. ನೀವು ಸಾಮಾನ್ಯವಾಗಿ ಎಷ್ಟು ಜನ, ಎಷ್ಟು ಸಾಮಾನು ಹೊರುತ್ತೀರೋ ಅಷ್ಟೇ ಭಾರ ಇಟ್ಟು, ಗಾಳಿಯ ಎದುರಿಗೊಮ್ಮೆ, ಗಾಳಿ ಬೀಸುವ ಕಡೆಗೊಮ್ಮೆ ಓಡಿಸಿ ಸರಾಸರಿ ತೆಗೆಯಿರಿ. 5500ರಿಂದ 5800ರ ನಡುವೆ ನಿಂತರೆ ಆ ಪ್ರೊಪೆಲ್ಲರ್ ನಿಮ್ಮದು. ಅದೇ ಬೋಟನ್ನು ಕರಾವಳಿಗೆ ಒಯ್ಯುವುದಾದರೆ ಹಳೆಯ 13ನ್ನು ಮಾರಬೇಡಿ. 11 ಹಾಕಿಕೊಂಡು ಸಮುದ್ರಮಟ್ಟದಲ್ಲಿ ಒಬ್ಬರೇ ಓಡಿಸಿದರೆ 6000 ದಾಟಿ ಲಿಮಿಟರ್ (ಸುತ್ತು ಮಿತಿಮೀರದಂತೆ ಎಂಜಿನ್ ತಡೆಯುವ ಸಾಧನ) ಬಡಿಯಬಹುದು.

ಪ್ರಶ್ನೆ: ಎಂಜಿನ್ ಮೇಲೆತ್ತಿ ಕೂರಿಸಿದರೆ ಸ್ಪೀಡ್ ಬರುತ್ತದೆ ಎನ್ನುತ್ತಾರೆ. ಎಷ್ಟು ಎತ್ತಬೇಕು, ಮನೆಯಲ್ಲೇ ಮಾಡಬಹುದೇ?
— ಓದುಗರು, ವಿಜಯನಗರ

ಉತ್ತರ: ಮಾಡಬಹುದು, ಚೈನ್ ಬ್ಲಾಕ್ ಮತ್ತು ಒಬ್ಬ ಜೊತೆಗಾರ ಇದ್ದರೆ. ಇಬ್ಬರು ಕೈಯಲ್ಲಿ ಹಿಡಿದು ಎತ್ತುವ ಸಾಹಸ ಬೇಡ. 60 ಎಚ್‌ಪಿ ಫೋರ್ ಸ್ಟ್ರೋಕ್ ಎಂಜಿನ್ ನೂರು ಕಿಲೋ ಮೀರಿ ತೂಗುತ್ತದೆ.

ಮೊದಲು ಅಳತೆ. ಟ್ರೇಲರ್ ಸಮತಟ್ಟಾದ ನೆಲದಲ್ಲಿರಲಿ. ಪ್ರೊಪೆಲ್ಲರ್‌ಗೆ ಸ್ವಲ್ಪ ಮೇಲೆ ಅಗಲವಾದ ಚಪ್ಪಟೆ ರೆಕ್ಕೆಯೊಂದಿದೆ. ಅದರ ಸರಿಯಾದ ಹೆಸರು ವೆಂಟಿಲೇಶನ್ ಪ್ಲೇಟ್, ಮೆಕ್ಯಾನಿಕ್‌ಗಳ ಬಾಯಲ್ಲಿ ಕ್ಯಾವಿಟೇಶನ್ ಪ್ಲೇಟ್. ಟ್ರಿಮ್ (ಎಂಜಿನ್ ಅನ್ನು ಒಳಗೆ, ಹೊರಗೆ ವಾಲಿಸುವ ಗುಂಡಿ) ಒತ್ತಿ ಅದನ್ನು ಬೋಟಿನ ತಳಕ್ಕೆ ಸಮಾನಾಂತರ ಮಾಡಿ. ಐದಾರು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ತಳದ ನಟ್ಟನಡುವಿನ ಅತಿ ತಗ್ಗಾದ ಗೆರೆಗೆ ಒತ್ತಿ ಹಿಡಿದು ಹಿಂದಕ್ಕೆ ಚಾಚಿ. ಪ್ಲೇಟ್ ಆ ಪಟ್ಟಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದೇ ನಿಮಗೆ ಬೇಕಾದ ಸಂಖ್ಯೆ. ಸಮಮಟ್ಟ ಒಳ್ಳೆಯ ಆರಂಭ. ವೇಗದ ಬೋಟುಗಳಲ್ಲಿ ಅರ್ಧದಿಂದ ಒಂದು ಇಂಚು ಮೇಲಿರುತ್ತದೆ. ಎಂಜಿನ್ ಬ್ರಾಕೆಟ್ ಮೇಲೆ ಹಿಂದಕ್ಕೆ ಸರಿದು ಕೂತಿದ್ದರೆ ಇನ್ನೂ ಮೇಲೆ ಹೋಗಬಹುದು. 40 ಮಿ.ಮೀ. ಕೆಳಗಿದ್ದರೆ ಗೇರ್ ಕೇಸ್‌ನ (ಪ್ರೊಪೆಲ್ಲರ್ ಕೂತಿರುವ ಎಂಜಿನ್‌ನ ಕೆಳಭಾಗ) ಅಷ್ಟೂ ಭಾಗ ಸುಮ್ಮನೆ ನೀರನ್ನು ಉಳುತ್ತಿದೆ ಎಂದರ್ಥ.

ಎಂಜಿನ್‌ನ ಲಿಫ್ಟಿಂಗ್ ಕೊಂಡಿಗೆ ಚೈನ್ ಹಾಕಿ, ಭಾರ ಪೂರ್ತಿ ಚೈನ್ ಮೇಲೆ ಬಂದ ಮೇಲಷ್ಟೇ ಬೋಲ್ಟ್ ಬಿಚ್ಚಿ. ಬ್ರಾಕೆಟ್‌ನ ತೂತುಗಳ ನಡುವಿನ ಅಂತರ ಸಾಮಾನ್ಯವಾಗಿ ಮುಕ್ಕಾಲು ಇಂಚು, 19 ಮಿ.ಮೀ. ಒಂದು ಸಲಕ್ಕೆ ಒಂದೇ ತೂತು ಮೇಲೇರಿಸಿ. ಬೋಲ್ಟ್ ಮರಳಿ ಹಾಕುವಾಗ ಮರೈನ್ ಪಾಲಿಯುರೆಥೇನ್ ಸೀಲೆಂಟ್ ಬೇಕು. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಹಾಕಿ ಅದು ಬಿಟ್ಟುಕೊಂಡರೆ ಟ್ರಾನ್ಸಮ್ (ಎಂಜಿನ್ ಕೂರುವ ಹಿಂಗೋಡೆ) ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆಯುತ್ತದೆ. ಅದು ಹೊರಗೆ ಕಾಣುವ ಹೊತ್ತಿಗೆ ಖರ್ಚು ಎಂಜಿನ್‌ನ ಬೆಲೆಯ ಹತ್ತಿರ ಬಂದಿರುತ್ತದೆ.

ಎತ್ತುವ ಮೊದಲೇ ವಾಟರ್ ಪ್ರೆಶರ್ ಗೇಜ್ ಹಾಕಿಸಿ, 3000ಕ್ಕೆ ಎಷ್ಟು, ಫುಲ್ ಥ್ರಾಟಲ್‌ಗೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ತಂಪು ನೀರು ಒಳಗೆಳೆಯುವ ಕಿಂಡಿಗಳು ಗೇರ್ ಕೇಸ್‌ನಲ್ಲೇ ಇವೆ. ಎಂಜಿನ್ ಹೆಚ್ಚು ಮೇಲೇರಿದರೆ ಅವು ನೀರಿನ ಬದಲು ಗಾಳಿ ಹೀರುತ್ತವೆ. ಪಕ್ಕದಿಂದ ಚಿಮ್ಮುವ ನೀರಿನ ಧಾರೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಒತ್ತಡ ಕುಸಿದ ಮೇಲೂ ಅದು ಒಂದಿಷ್ಟು ಹೊತ್ತು ಬರುತ್ತಲೇ ಇರುತ್ತದೆ. ಒತ್ತಡ ದಿಢೀರನೆ ಬಿದ್ದರೆ, ಇಲ್ಲವೇ ಸಾಧಾರಣ ತಿರುವಿನಲ್ಲೇ ಎಂಜಿನ್ ಕಿರುಚಿ ಬೋಟು ಸಡಿಲಾದರೆ, ಒಂದು ತೂತು ಕೆಳಗಿಳಿಸಿ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಥ್ರಾಟಲ್ ಕೊಟ್ಟರೆ ಎಂಜಿನ್ ಸದ್ದು ಏರುತ್ತದೆ, ಬೋಟು ಮಾತ್ರ ಮುಂದೆ ಹೋಗುವುದಿಲ್ಲ. ಗೇರ್ ಹೋಯಿತೇ?
— ಓದುಗರು, ಹೆಬ್ಬಾಳ

ಉತ್ತರ: ಗೇರ್‌ಗಿಂತ ಮೊದಲು ಹಬ್ ಅನುಮಾನಿಸಿ. ಪ್ರೊಪೆಲ್ಲರ್‌ನ ನಡುವೆ ಹಿತ್ತಾಳೆ ಹಬ್ಬಿಗೂ ಹೊರಗಿನ ಕೊಳವೆಗೂ ಮಧ್ಯೆ ರಬ್ಬರ್ ಬುಷ್ ಇದೆ. ದಿಮ್ಮಿಗೋ ಬಂಡೆಗೋ ಬಡಿದರೆ ಗೇರ್ ಮುರಿಯದಿರಲೆಂದು ಜಾರಿಕೊಡುವುದೇ ಅದರ ಕೆಲಸ. ಒಮ್ಮೆ ಸುಟ್ಟರೆ ಪ್ರತಿ ಸಲವೂ ಜಾರುತ್ತದೆ. ನಟ್ ಇರುವ ಕಡೆ ಒಳಹಬ್ಬಿನಿಂದ ಕೊಳವೆಯವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೆದು, ಒಂದು ಸುತ್ತು ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಬುಷ್ ಹೋಗಿದೆ. ಗೆರೆ ನೇರವಾಗಿಯೇ ಇದ್ದರೆ ಎಂಜಿನ್ ಎತ್ತರ ಅಥವಾ ಟ್ರಿಮ್ ಜಾಸ್ತಿಯಾಗಿ ಗಾಳಿ ಸೇರುತ್ತಿರಬಹುದು. ನಡುನೀರಿನಲ್ಲಿ ಹಬ್ ಜಾರಿದರೆ ಥ್ರಾಟಲ್ ಪೂರ್ತಿ ಇಳಿಸಿ ನಿಧಾನಕ್ಕೆ ಬನ್ನಿ, ದಡ ಸೇರುವಷ್ಟು ಹಿಡಿತ ಸಾಮಾನ್ಯವಾಗಿ ಉಳಿದಿರುತ್ತದೆ.

ಪ್ರಶ್ನೆ: 35 ಕಿ.ಮೀ. ವೇಗ ದಾಟಿದ ಕೂಡಲೇ ಬೋಟಿನ ಮೂತಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಟ್ರೋಲಿಂಗ್ ಮೋಟರ್‌ಗೆಂದು (ಗಾಳ ಹಾಕುವಾಗ ನಿಧಾನಕ್ಕೆ ಸಾಗಿಸುವ ಸಣ್ಣ ವಿದ್ಯುತ್ ಮೋಟರ್) ಎರಡು ಇನ್ವರ್ಟರ್ ಬ್ಯಾಟರಿ ಹಿಂದೆ ಇಟ್ಟಿದ್ದೇನೆ.
— ಓದುಗರು, ಯಲಹಂಕ

ಉತ್ತರ: ಕಾರಣವನ್ನು ನೀವೇ ಬರೆದುಬಿಟ್ಟಿದ್ದೀರಿ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಒಂದೊಂದೂ 50 ಕಿಲೋ ದಾಟುತ್ತದೆ. ಎರಡು ಸೇರಿದರೆ ಹಿಂದಿನ ಮೂಲೆಯಲ್ಲಿ ಇನ್ನೂ ಒಂದೂವರೆ ಆಳು ಕೂತಂತೆ. ಅದೂ ಅಲ್ಲದೆ ಅವು ಮನೆಯಲ್ಲಿ ಅಲುಗಾಡದೆ ಕೂರಲು ಮಾಡಿದವು, ಬೋಟಿನ ಕುಲುಕಾಟಕ್ಕಲ್ಲ. 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ ಆಸುಪಾಸು. ದುಬಾರಿ, ನಿಜ. ಆದರೆ ಸ್ಟೀಲ್ ಪ್ರೊಪೆಲ್ಲರ್‌ಗೆ ಕೊಡುವ ಹಣ ಇಲ್ಲಿ ಹಾಕಿದರೆ ಹೆಚ್ಚು ವೇಗ ಸಿಗುತ್ತದೆ.

ಸದ್ಯಕ್ಕೆ ಬ್ಯಾಟರಿಗಳನ್ನು ನಡುಭಾಗಕ್ಕೆ ತಂದು ಬೆಲ್ಟ್ ಹಾಕಿ ಕಟ್ಟಿ. ಓಡಿಸುವಾಗ ಟ್ರಿಮ್ ಪೂರ್ತಿ ಒಳಗಿಟ್ಟು ಹೊರಟು, ಬೋಟು ನೀರಿನ ಮೇಲೆ ಎದ್ದ ಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡಿ. ಜಿಪಿಎಸ್ ವೇಗ ಏರುತ್ತಿರುವವರೆಗೆ ಮುಂದುವರಿಸಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ, ಅಥವಾ ಕುಪ್ಪಳಿಸತೊಡಗಿದರೆ, ಒಂದು ಒತ್ತು ಹಿಂದಕ್ಕೆ. ಕಿಲ್ ಸ್ವಿಚ್‌ನ (ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್) ದಾರ ಲೈಫ್ ಜಾಕೆಟ್‌ಗೆ ಸಿಕ್ಕಿಸದೆ ಈ ಪರೀಕ್ಷೆಗೆ ಇಳಿಯಬೇಡಿ.

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ಮರದ ಬೊಡ್ಡೆಗೆ ತಗುಲಿ ಅಲ್ಯೂಮಿನಿಯಂ ಪ್ರೊಪೆಲ್ಲರ್‌ನ ಒಂದು ರೆಕ್ಕೆ ಬಾಗಿದೆ. ಪೀಣ್ಯದಲ್ಲಿ ಲೇತ್‌ನವರ ಹತ್ತಿರ ಸರಿ ಮಾಡಿಸಬಹುದೇ? ಇನ್ನು ಮುಂದೆ ಸ್ಟೀಲ್‌ನದ್ದೇ ಹಾಕಲೇ? ನಾಲ್ಕು ರೆಕ್ಕೆಯದು ಒಳ್ಳೆಯದೇ?
— ಓದುಗರು, ರಾಜಾಜಿನಗರ

ಉತ್ತರ: ಪೀಣ್ಯದಲ್ಲಿ ಏನು ಬೇಕಾದರೂ ಮಾಡಿಕೊಡುವ ಕೈಗಳಿವೆ. ಆದರೆ ಪ್ರೊಪೆಲ್ಲರ್‌ಗೆ ಬೇಕಾದದ್ದು ಪಿಚ್ ಬ್ಲಾಕ್, ಅಂದರೆ ರೆಕ್ಕೆಯ ತಿರುಚಿಗೆ ಸರಿಯಾಗಿ ಎರಕ ಹೊಯ್ದ ಅಚ್ಚು. ಅದಿಲ್ಲದೆ ಸುತ್ತಿಗೆಯಲ್ಲಿ ಬಡಿದರೆ ಮೂರು ರೆಕ್ಕೆಗೆ ಮೂರು ಪಿಚ್ ಆಗುತ್ತದೆ. ನಡುಕ ಶುರುವಾಗಿ ಶಾಫ್ಟ್‌ನ ಬೇರಿಂಗ್ ತಿನ್ನುತ್ತದೆ. ಅಂಚಿನ ಸಣ್ಣ ಕಚ್ಚುಗಳನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿಕೊಳ್ಳಿ, ಅಷ್ಟು ಸಾಕು. ಬಾಗಿದ್ದಕ್ಕೆ ಹೊಸದೇ ಸರಿ.

ಸ್ಟೀಲ್ ರೆಕ್ಕೆ ತೆಳುವಾಗಿ, ಭಾರಕ್ಕೆ ಬಾಗದೆ ಇರುವುದರಿಂದ ವೇಗಕ್ಕೆ ಅದೇ ಮೇಲು. ಬೊಡ್ಡೆಗಳು ತುಂಬಿದ ನೀರಿಗೆ ಮಾತ್ರ ಅಲ್ಯೂಮಿನಿಯಂ. ಅದು ಮುರಿದು ಗೇರ್ ಉಳಿಸುತ್ತದೆ. ಸ್ಟೀಲ್ ತಾನು ಉಳಿದು ಏಟನ್ನು ಶಾಫ್ಟ್‌ಗೆ ದಾಟಿಸುತ್ತದೆ. ನಾಲ್ಕು ರೆಕ್ಕೆಯದು ಭಾರ ಹೊತ್ತು ಬೇಗ ಮೇಲೆಬ್ಬಿಸುತ್ತದೆ, ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ, ತುತ್ತತುದಿಯ ವೇಗದಲ್ಲಿ ಕೊಂಚ ಹಿಂದೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಪಿಚ್ ಒಂದು ಇಂಚು ಇಳಿಸಬೇಕಾಗಬಹುದು.

ಹೊಸದನ್ನು ಕೂರಿಸುವಾಗ ಶಾಫ್ಟ್‌ನ ಹಲ್ಲುಗಳಿಗೆ ಮರೈನ್ ಗ್ರೀಸ್ ಹಚ್ಚಿ, ಥ್ರಸ್ಟ್ ವಾಷರ್ ಮೊದಲಿನ ದಿಕ್ಕಿನಲ್ಲೇ ಹಾಕಿ, ನಟ್ಟನ್ನು ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಮಡಚಿ. ಹಳೆಯದು ಬಿಚ್ಚಿದಾಗ ವಾಷರ್ ಹಿಂದೆ ಒಮ್ಮೆ ಕಣ್ಣಾಡಿಸಿ. ಗಾಳದ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು, ಬಿಸಿಯಾಗಿ ಕರಗಿ, ಆಯಿಲ್ ಸೀಲ್ ಕೊಯ್ದಿರುವುದು ತೀರಾ ಸಾಮಾನ್ಯ. ಅನುಮಾನ ಬಂದರೆ ಗೇರ್ ಕೇಸ್‌ನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದು ಚಮಚ ಎಣ್ಣೆ ಹೊರಬಿಡಿ. ಕಾಫಿಗೆ ಹಾಲು ಬೆರೆಸಿದ ಬಣ್ಣ ಬಂದಿದ್ದರೆ ನೀರು ಒಳಹೊಕ್ಕಿದೆ. ಸೀಲ್ ಬದಲಿಸುವವರೆಗೆ ಬೋಟು ಟ್ರೇಲರ್ ಮೇಲೇ ಇರಲಿ.