ಹೆಸರು ತಪ್ಪು, ಹಾಡು ಅಸಲಿ

ತಂದೆಯವರ ಕ್ಯಾಸೆಟ್ ರಾಶಿಯಲ್ಲಿ ‘ಬಾಬ್ ಡಿಲನ್, ರಾಯಲ್ ಆಲ್ಬರ್ಟ್ ಹಾಲ್, 1966’ ಎಂದು ಬರೆದಿರುವ, ಆ ಅಮೆರಿಕನ್ ಗಾಯಕನ ಟೇಪೊಂದು ನಿಮಗೆ ಸಿಕ್ಕಿದೆ. ಅದು ಲಂಡನ್ನಿನ ಆ ಸಭಾಂಗಣದ್ದಲ್ಲ ಎಂದು ಗೆಳೆಯರು ಹೇಳಿದ್ದರಿಂದ ‘ಹಾಗಾದರೆ ನಕಲಿಯೇ?’ ಎಂದು ಕೇಳಿದ್ದೀರಿ. ಜೊತೆಗೆ, ಇಂಥ ಹಳೆಯ ಧ್ವನಿಮುದ್ರಣಗಳನ್ನು ರೆಕಾರ್ಡ್ ಕಂಪನಿ ಈಗ ಪೆಟ್ಟಿಗೆಗಟ್ಟಲೆ ಹೊರತರುವುದೇಕೆ, ನಮ್ಮ ದೇಶದವರೊಂದಿಗೆ ಡಿಲನ್ ಕಾಣಿಸಿಕೊಂಡದ್ದುಂಟೇ ಎಂದೂ ಕೇಳಿದ್ದೀರಿ.

ಟೇಪನ್ನು ಕೊನೆಯವರೆಗೆ ಕೇಳಿ. ಕಡೆಯ ಹಾಡಿಗೆ ಮುನ್ನ ಸಭೆಯಿಂದ ಒಬ್ಬ ‘ಜೂಡಾಸ್!’ (ಏಸುವಿಗೆ ದ್ರೋಹ ಬಗೆದ ಶಿಷ್ಯ) ಎಂದು ಕೂಗುತ್ತಾನೆಯೇ? ಗಾಯಕ ‘ನಿನ್ನನ್ನು ನಾನು ನಂಬುವುದಿಲ್ಲ, ನೀನು ಸುಳ್ಳುಗಾರ’ ಎಂದದ್ದೇ ತಡ, ವಾದ್ಯಗಳೆಲ್ಲ ಒಟ್ಟಿಗೆ ಅಬ್ಬರಿಸುತ್ತವೆಯೇ? ಹಾಗಿದ್ದರೆ ಅದು 1966ರ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ನಡೆದ ಕಛೇರಿ. ಮೊದಲರ್ಧದಲ್ಲಿ ಒಂಟಿಯಾಗಿ ಗಿಟಾರ್, ಹಾರ್ಮೋನಿಕಾ ಹಿಡಿದು ಹಾಡಿದವರು ಎರಡನೆಯ ಅರ್ಧಕ್ಕೆ ವಿದ್ಯುತ್ ಗಿಟಾರ್ ಮತ್ತು ತಂಡದೊಂದಿಗೆ ಬಂದದ್ದು ಜಾನಪದ ಸಂಗೀತದ ಮಡಿವಂತರಿಗೆ ದ್ರೋಹವಾಗಿ ಕಂಡಿತ್ತು. ಕಳ್ಳಮುದ್ರಣದವರು ಅದನ್ನು ಆಲ್ಬರ್ಟ್ ಹಾಲಿನದೆಂದು ಮಾರಿದರು, ಆ ಹೆಸರೇ ಅಂಟಿಕೊಂಡಿತು. 1998ರಲ್ಲಿ ಕಂಪನಿಯೇ ಅಧಿಕೃತವಾಗಿ ಬಿಡುಗಡೆ ಮಾಡಿದಾಗಲೂ ಆ ತಪ್ಪು ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡಿತು! ನಿಜವಾದ ಆಲ್ಬರ್ಟ್ ಹಾಲ್ ಕಛೇರಿ ಹೊರಬಂದದ್ದು 2016ರಲ್ಲಿ. ಆದ್ದರಿಂದ ನಿಮ್ಮ ತಂದೆ ಮೋಸ ಹೋಗಿಲ್ಲ.

ಪೆಟ್ಟಿಗೆಗಳ ಹಿಂದೆ ಅಭಿಮಾನಿಗಳ ಮೇಲಿನ ಪ್ರೀತಿಗಿಂತ ಕಾನೂನಿನ ಒತ್ತಾಯ ದೊಡ್ಡದು. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿದರೂ, 50 ವರ್ಷದೊಳಗೆ ಪ್ರಕಟವಾಗದ ಮುದ್ರಣಕ್ಕೆ ಆ ರಕ್ಷಣೆ ಸಿಗದು. ಹಾಗಾಗಿ 2012ರಲ್ಲಿ ಡಿಲನ್ ಅವರ ಆರಂಭದ ಮುದ್ರಣಗಳ ಸಂಪುಟವೊಂದನ್ನು ಸುಮಾರು ನೂರೇ ಪ್ರತಿ ತಂದು ಹಕ್ಕು ಕಾಪಾಡಿಕೊಂಡರು. ಇಂಥ ‘ಅಪರೂಪ’ಕ್ಕೆ ದುಡ್ಡು ಸುರಿಯುವುದು ನನಗಂತೂ ಒಪ್ಪದ ಮಾತು.

ಇನ್ನು ಕೊನೆಯ ಪ್ರಶ್ನೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ನಡೆಸಿದ ಕಛೇರಿಯಲ್ಲಿ ಡಿಲನ್ ಹಾಡಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹಿಡಿಸುವುದು 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮ್ಮಿನ ಹೊದಿಕೆ. ಅದರಲ್ಲಿ ಡಿಲನ್ ಅಕ್ಕಪಕ್ಕ ನಿಂತವರು ನಮ್ಮ ತತ್ವಪದಕಾರರಂತೆ ಏಕತಾರಿ ಹಿಡಿದು ಹಾಡುವ ಬಂಗಾಳದ ಬಾವುಲ್ ಗಾಯಕರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಅದೇ ವರ್ಷ ಡಿಲನ್ ತಮ್ಮ ತಂಡದೊಂದಿಗೆ ನೂರಕ್ಕೂ ಹೆಚ್ಚು ಹಾಡುಗಳನ್ನು ಟೇಪಿಗೆ ಇಳಿಸಿದ್ದರು. ಅವುಗಳಲ್ಲಿ ಬಹುಪಾಲು ಮುದ್ರಣಗೊಂಡದ್ದು ‘ಬಿಗ್ ಪಿಂಕ್’ ಎಂಬ ಗುಲಾಬಿ ಬಣ್ಣದ ಮನೆಯ ನೆಲಮಾಳಿಗೆಯಲ್ಲಿ. ಟೇಪ್ ಯಂತ್ರ ನೋಡಿಕೊಂಡ, ಅದೇ ತಂಡದ ಗಾರ್ತ್ ಹಡ್ಸನ್ ಅಲ್ಲಿಯೇ ಬಾವುಲರ ಹಾಡುಗಳನ್ನೂ ಮುದ್ರಿಸಿದರು. ಅದು ಆಲ್ಬಮ್ ಆಗಿಯೂ ಬಂದಿದೆ. 1966ರ ಪ್ರವಾಸದ 36 ಸಿ.ಡಿ.ಗಳ ಪೆಟ್ಟಿಗೆಗೆ ಕೈಹಾಕುವ ಮೊದಲು ಇದನ್ನು ಹುಡುಕಿ ಕೇಳಿ.

– ಸಂಪಾದಕ