ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹಾರಾಟ ಎಷ್ಟು ಹೊತ್ತು?

ತೀರ್ಥಹಳ್ಳಿಯಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳ ಮನೆಗೆ ಹೋಗಲಿರುವ ನೀವು, ಬೆಂಗಳೂರಿನಿಂದ ಅಲ್ಲಿಗೆ ಎಷ್ಟು ದೂರ, ಎಷ್ಟು ಗಂಟೆಯ ಹಾರಾಟ ಎಂದು ಕೇಳಿದ್ದೀರಿ. ಮಧ್ಯಾಹ್ನ 2ಕ್ಕೆ ಹೊರಡುವ ವಿಮಾನ ಅದೇ ದಿನ ಸಂಜೆ 5.30ಕ್ಕೆ ತಲುಪುವುದು ಹೇಗೆ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ನೇರ ದೂರ ಸುಮಾರು 14,000 ಕಿಲೋಮೀಟರ್. ನಡುವೆ ಎಲ್ಲೂ ಇಳಿಯದೆ ಹೋದರೆ ಹದಿನಾರರಿಂದ ಹದಿನೇಳೂವರೆ ಗಂಟೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಹದಿಮೂರೂವರೆ ಗಂಟೆ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವನ್ನೇ ಮುದ್ರಿಸುವುದರಿಂದ, ಹದಿನಾರು ಗಂಟೆಯ ಪಯಣ ಕಾಗದದ ಮೇಲೆ ಮೂರೂವರೆ ಗಂಟೆಯಾಗಿ ಕಾಣುತ್ತದೆ.

ದಾರಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೋಡೆಯ ಭೂಪಟ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಹಿತ್ತಲಿನ ಚಕ್ಕೋತ ಹಣ್ಣೊಂದರ ಮೇಲೆ ಎರಡೂ ಊರುಗಳಿಗೆ ಮಸಿಯ ಚುಕ್ಕೆಯಿಟ್ಟು, ಬಾಳೆ ನಾರನ್ನು ಬಿಗಿಯಾಗಿ ಎಳೆದು ಮೊಮ್ಮಗನಿಗೆ ತೋರಿಸಿದ್ದೆ. ನಾರು ಅಡ್ಡಲಾಗಿ ನಿಲ್ಲಲಿಲ್ಲ, ತಾನಾಗಿಯೇ ಮೇಲಕ್ಕೆ, ತೊಟ್ಟಿನ ಕಡೆಗೆ ಜಾರಿತು. ಭೂಮಿಯ ಮೇಲೂ ಹಾಗೆಯೇ: ಬೆಂಗಳೂರಿನಿಂದ ಅತಿ ಹತ್ತಿರದ ದಾರಿ ಚೀನಾ, ಸೈಬೀರಿಯಾಗಳನ್ನು ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ. ಆದರೆ ಹತ್ತಿರದ ದಾರಿಯೇ ಬೇಗ ತಲುಪಿಸಬೇಕೆಂದಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಲು ಹೋಗುವಾಗ ಪೆಸಿಫಿಕ್ ಸಾಗರದ ಮೇಲಿನ ದಾರಿಯನ್ನು ಹಿಡಿಯುವುದುಂಟು. ಮರಳುವಾಗ ಅದೇ ಗಾಳಿ ಎದುರಾಗುವುದರಿಂದ ಬೇರೆ ದಾರಿ ನೋಡುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ, ಮಹಿಳೆಯರೇ ನಡೆಸಿದ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದಲೇ ಬೆಂಗಳೂರಿಗೆ ಬಂದಿಳಿಯಿತು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ.

ನೇರ ವಿಮಾನ ಸಿಗದಿದ್ದರೆ ಫ್ರಾಂಕ್‌ಫರ್ಟ್ ಮೂಲಕ ಹೋಗಬಹುದು. ಆಗ ಹಾರಾಟದ ದೂರ ಸುಮಾರು 16,550 ಕಿಲೋಮೀಟರ್ ಆಗುತ್ತದೆ. ವಯಸ್ಸಾದವರಿಗೆ ನಡುವೆ ಇಳಿದು ಕಾಲಾಡಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ನಮ್ಮ ಕಡೆಯವರು ಮರೆಯುವುದು ಮೊದಲ 300 ಕಿಲೋಮೀಟರ್‌ಗಳನ್ನು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರಲ್ಲಿ ಆರಂಭವಾದ ಮೇಲೆ ಶಿವಮೊಗ್ಗದಿಂದ ಬೆಂಗಳೂರಿಗೂ ಹಾರಬಹುದಾಗಿದೆ. ಆದರೂ ಮಳೆಗಾಲದಲ್ಲಿ ಮೋಡ ಕವಿದ ದಿನ ಅದನ್ನೇ ನಂಬಿ ಮುಂದಿನ ವಿಮಾನ ತಪ್ಪಿಸಿಕೊಳ್ಳಬೇಡಿ. ಹಿಂದಿನ ದಿನವೇ ಬೆಂಗಳೂರು ಸೇರಿ, ದೇವನಹಳ್ಳಿಯ ಹತ್ತಿರ ಉಳಿದುಕೊಳ್ಳಿ.

ಮರಳುವಾಗ ತಾರೀಖನ್ನು ಎರಡು ಬಾರಿ ನೋಡಿ. ಅಲ್ಲಿ ಸೋಮವಾರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಇಳಿಯುವುದು ಬುಧವಾರ ನಸುಕಿನ 3ಕ್ಕೆ. ಅಣ್ಣನನ್ನು ಕರೆತರಲು ನಾವು ಮಂಗಳವಾರವೇ ಕಾರು ಕಳುಹಿಸಿದ್ದೆವು. ಚಾಲಕ ಒಂದು ಹಗಲು, ಒಂದು ರಾತ್ರಿ ಅಲ್ಲಿಯೇ ಕಾಯಬೇಕಾಯಿತು.