ಸ್ಥಾಯಿ ನೂರು, ಅಂತರಾ ಮೂರು

ನಮ್ಮಲ್ಲಿಗೆ ಆಪ್ತಸಲಹೆಗೆ ಬಂದವರು ಮೂವತ್ತರ ಆಚೀಚಿನ ಹೆಣ್ಣುಮಗಳು. ಇಲ್ಲಿ ‘ವಿ’ ಎಂದು ಕರೆಯೋಣ. ಮನೆ ಧಾರವಾಡ, ನೌಕರಿ ಹುಬ್ಬಳ್ಳಿ, ದಿನವೂ ಚಿಗರಿ ಬಸ್ಸಿನ ಓಡಾಟ. ಅವರ ಒಪ್ಪಿಗೆ ಪಡೆದೇ ಬರೆದ ಈ ಟಿಪ್ಪಣಿಯಲ್ಲಿ ವಯಸ್ಸು, ನೌಕರಿಯಷ್ಟೇ ಅಲ್ಲ, ರಾಗವನ್ನೂ ಬದಲಿಸಲಾಗಿದೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಬಾಳಿದ ಊರಿದು. ರಾಗ, ವಚನ, ಗುರು ಈ ಮೂರನ್ನು ಹೇಳಿದರೆ ಆಳು ಯಾರೆಂಬುದು ಸಪ್ತಾಪುರದ ಚಹಾದಂಗಡಿಯಲ್ಲೇ ಇತ್ಯರ್ಥವಾಗಿಬಿಡುತ್ತದೆ.

“ಮೇಡಂ, ದಿನಾ ಒಂದು ಹಾಕ್ತೇನ್ರೀ. ಆದ್ರ ಒಂದೂ ಮುಗೀವಲ್ದು. ನನ್ನೊಳಗ ಹಾಡ ಇಲ್ಲೇನೋ ಅನ್ನಸ್ತದ.” ಇದು ಅವರ ಮೊದಲ ಮಾತು. ಎಂಟು ವರ್ಷದ ಹಿಂದೂಸ್ತಾನಿ ತಾಲೀಮು ಆಗಿದೆ. ವಚನ, ತತ್ವಪದಗಳಿಗೆ ಸ್ವಂತ ಧಾಟಿ ಕೂಡಿಸತೊಡಗಿ ಹದಿನಾಲ್ಕು ತಿಂಗಳು. ಅಂದಿನಿಂದಲೇ ಆ ಕೆಲಸದ ದಿನಚರಿಯನ್ನು ಎಲ್ಲರೂ ನೋಡುವಂತೆ ಆನ್‌ಲೈನಿನಲ್ಲಿ ಇಟ್ಟಿದ್ದಾರೆ: ದಿನಕ್ಕೊಂದು ನಿಮಿಷದ ಧ್ವನಿಮುದ್ರಣ, ಅದರ ಕೆಳಗೆ ನಾಲ್ಕು ಸಾಲು. ಮೊದಲ ಮೂರು ತಿಂಗಳು ಹುರುಪಿತ್ತು. ಆಮೇಲೆ ರಾತ್ರಿ ಒಂದರ ತನಕ ಎಷ್ಟು ಮಂದಿ ಕೇಳಿದರು ಎಂದು ನೋಡುವುದು, ಬೆಳಿಗ್ಗೆ ರಿಯಾಜಿಗೆ ಏಳಲಾಗದಿರುವುದು, “ಹಾಡೂದಕ್ಕಿಂತ ಫೋನ್ ನೋಡೂದ ಹೆಚ್ಚಾತು” ಎಂಬ ಗಂಡನ ಮಾತು. ಅಷ್ಟರಲ್ಲಿ ಅವರು ಹಾಕಿದ ಒಂದು ಧಾಟಿಯನ್ನು ಬೇರೊಬ್ಬರು ಜಾತ್ರೆಯ ಕಾರ್ಯಕ್ರಮದಲ್ಲಿ ಹೆಸರು ಹೇಳದೆ ಹಾಡಿದರು. ಅದೇ ವಾರ, ತಾವು ಕಲಿಸಿದ ಚೀಜಿನ (ಹಿಂದೂಸ್ತಾನಿ ರಚನೆಯ) ತುಣುಕು ದಿನಚರಿಯಲ್ಲಿ ಕೇಳಿಸಿತೆಂದು ಗುರುಗಳು ಮುನಿಸಿಕೊಂಡರು.

ಮೊದಲ ಭೇಟಿಯಲ್ಲಿ ಸಂಗೀತದ ಮಾತಿಗಿಂತ ಮೊದಲು ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ, ಬದುಕು ಬೇಡ ಎನಿಸುತ್ತದೆಯೇ ಎಂಬ ಪ್ರಶ್ನೆ, ಎಲ್ಲವನ್ನೂ ನೇರವಾಗಿಯೇ ಕೇಳಲಾಯಿತು. ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು ಕವಿದಿದ್ದರೆ, ಯಾವುದೂ ಬೇಡವಾಗಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುವುದೇ ದಾರಿ. ರಾತ್ರಿ ಹೊತ್ತಿಗೆ ಬೇಕಾದರೆ ಸರಕಾರದ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ. ವಿ ಅವರಲ್ಲಿ ಆ ಲಕ್ಷಣಗಳಿರಲಿಲ್ಲ. ನೌಕರಿ, ಮನೆ, ಮಗು ಎಲ್ಲ ನಡೆದಿತ್ತು. ಕೆಟ್ಟಿದ್ದು ನಿದ್ದೆ ಮತ್ತು ಹಾಡಿನ ಜೊತೆಗಿನ ನಂಟು.

ಎರಡು ಕೆಲಸ ಕೊಟ್ಟೆವು. ಒಂದು, ಏಳು ದಿನ ಫೋನಿನಲ್ಲಿ ದಿನಚರಿ ತೆರೆದಾಗಲೆಲ್ಲ ಹೊತ್ತು, ತೆರೆಯುವ ಮುಂಚಿನ ಮನಸ್ಸು, ಮುಚ್ಚಿದ ಮೇಲಿನ ಮನಸ್ಸು ಬರೆದಿಡುವುದು. ಇನ್ನೊಂದು, ಈವರೆಗೆ ಹಾಕಿದ್ದನ್ನೆಲ್ಲ ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಸ್ಥಾಯಿ (ಹಾಡಿನ ಮೊದಲ ಭಾಗ) ಇದೆಯೇ, ಅಂತರಾ (ಮೇಲಿನ ಸ್ವರಗಳಿಗೆ ಏರುವ ಎರಡನೇ ಭಾಗ) ಇದೆಯೇ, ಸ್ವರಲಿಪಿ ಇದೆಯೇ ಎಂದು ಗುರುತು ಹಾಕುವುದು.

ಪಟ್ಟಿ ಬಂತು. ಸ್ಥಾಯಿ ನೂರ ಹನ್ನೆರಡು. ಅಂತರಾ ಇದ್ದದ್ದು ಮೂರಕ್ಕೆ.

ಅವರಲ್ಲಿ ಹಾಡಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಕೊರತೆ ಬೇರೆ ಕಡೆ ಇತ್ತು. ದಿನಕ್ಕೊಂದು ನಿಮಿಷ ಎಂಬ ಕಟ್ಟಳೆಗೆ ಸ್ಥಾಯಿ ಚೆನ್ನಾಗಿ ಒಗ್ಗುತ್ತದೆ: ಎರಡು ಸಾಲು, ಒಂದು ಸಮ (ತಾಳದ ಮೊದಲ ಪೆಟ್ಟು), ಕೇಳಿದವರು ಆಹಾ ಎನ್ನುತ್ತಾರೆ. ಅಂತರಾ ಹಾಗಲ್ಲ. ಮೂರು ದಿನ ಕೂತು ಎರಡು ಸ್ವರ ತಿದ್ದಿದ್ದನ್ನು ಯಾರಿಗೆ ತೋರಿಸುವುದು? ನಾಳೆ ಏನಾದರೂ ಹಾಕಲೇಬೇಕೆಂಬ ಅವಸರದಲ್ಲಿ ಹೊಸ ಮುಖಡಾ (ಸ್ಥಾಯಿಯ ಮೊದಲ ಸಾಲು) ಹುಟ್ಟುತ್ತಿತ್ತು, ಹಳೆಯದು ಅನಾಥವಾಗುತ್ತಿತ್ತು.

ಇದರ ಜೊತೆಗೊಂದು ಕಸುಬಿನ ತಪ್ಪೂ ಸೇರಿತ್ತು. ಅದು ಬೇರೆಯವರಲ್ಲೂ ಕಾಣುವಂಥದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ವಿ ಹಾಡುವ ಶ್ರುತಿ ಕಾಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಕರಿ ಮನೆ. ಧಾಟಿ ಹೊಳೆಯುತ್ತಿದ್ದುದು ಬಸ್ಸಿನಲ್ಲಿ, ಪಕ್ಕದವರಿಗೆ ಕೇಳದಂತೆ ಗುನುಗುವಾಗ, ತಂಬೂರಿಯಿಲ್ಲದೆ. ಒಂದೇ ವಚನದ ನಾಲ್ಕು ತುಣುಕುಗಳನ್ನು ಹಾರ್ಮೋನಿಯಂ ಜೊತೆ ತಾಳೆ ನೋಡಿದರೆ ಬಿಳಿ ನಾಲ್ಕರಿಂದ ಕಾಳಿ ನಾಲ್ಕರ ತನಕ ನಾಲ್ಕು ಬೇರೆ ಬೇರೆ ಷಡ್ಜಗಳು (‘ಸಾ’ ಸ್ವರಗಳು). ಲಯವೂ ಅಷ್ಟೇ, ಬಸ್ಸು ಓಡಿದಂತೆ ಓಡಿತ್ತು. ಸಂಜೆ ಮನೆಯಲ್ಲಿ ಕಾಳಿ ನಾಲ್ಕರ ತಂಬೂರಿ ಹಚ್ಚಿಕೊಂಡು ಅದನ್ನೇ ಹಾಡಿದಾಗ ಮಂದ್ರದ (ಕೆಳಗಿನ ಸ್ವರಗಳ) ಆ ತೂಕ ಸಿಗುತ್ತಿರಲಿಲ್ಲ. “ಮಧ್ಯಾಹ್ನ ಛಲೋ ಇತ್ತು, ಸಂಜೀಕ ಸತ್ತುಹೋತು” ಎನ್ನುತ್ತಿದ್ದರು. ಧಾಟಿ ಸತ್ತಿರಲಿಲ್ಲ, ಷಡ್ಜ ಮೇಲೇರಿತ್ತು. ಸ್ಥಾಯಿಯ ಷಡ್ಜವೇ ನಿಲ್ಲದಿದ್ದಾಗ ಭೀಮಪಲಾಸ ರಾಗದ ಅಂತರಾ ಗಂಧಾರ, ಮಧ್ಯಮ, ಪಂಚಮ ಹಿಡಿದು ತಾರ (ಮೇಲಿನ) ಷಡ್ಜಕ್ಕೆ ಏರುವುದಾದರೂ ಎಲ್ಲಿಂದ?

ಅದಕ್ಕೆ ಮೊದಲ ಸಲಹೆ ಮನಸ್ಸಿನ ಮೇಲಿನದಲ್ಲ, ಧ್ವನಿಮುದ್ರಣದ ಮೇಲಿನದು. ಫೋನಿನಲ್ಲಿ ಏನೇ ಹಿಡಿದರೂ ಮೊದಲ ಹತ್ತು ಸೆಕೆಂಡು ತಂಬೂರಿ ಆ್ಯಪಿನ ನಾದ ಕೇಳಿಸಬೇಕು. ಬಸ್ಸಿನಲ್ಲಾದರೆ ಒಂದು ಕಿವಿಗೆ ಇಯರ್‌ಫೋನಿನಲ್ಲಿ ತಂಬೂರಿ ಇರಲಿ, ಅದೇ ಷಡ್ಜವನ್ನು ಒಮ್ಮೆ ಬಾಯಲ್ಲಿ ಹಿಡಿದು ಮುಂದುವರಿಯಿರಿ. ಬಳಿಕ ಬಾಯಲ್ಲೇ ಹೇಳಬೇಕು: ತಾರೀಖು, ರಾಗ, ತಾಳ, ಕಾಳಿ ಎಷ್ಟು, ನಿಮಿಷಕ್ಕೆ ಎಷ್ಟು ಮಾತ್ರೆ. ಕಡತದ ಹೆಸರೂ ಹಾಗೇ: ತಾರೀಖು, ವಚನದ ಮೊದಲ ಪದ, ರಾಗ, ಎಷ್ಟನೇ ಪ್ರತಿ. ಹಳೆಯ ಪ್ರತಿ ಅಳಿಸಬಾರದು. ಐದನೇ ಪ್ರತಿಯಲ್ಲಿ ಕೆಟ್ಟದ್ದು ಎರಡನೆಯದರಲ್ಲಿ ಸರಿಯಾಗಿರುವುದುಂಟು. ಅದೇ ರಾತ್ರಿ ಹಿಂದೂಸ್ತಾನಿಯ ಭಾತಖಂಡೆ ಸ್ವರಲಿಪಿಯಲ್ಲಿ ಬರೆದಿಡಬೇಕು: ಕೋಮಲ (ತಗ್ಗಿಸಿದ) ಸ್ವರಕ್ಕೆ ಅಡಿಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಸಮಕ್ಕೆ ಗುಣಿಸು ಚಿಹ್ನೆ, ಖಾಲಿಗೆ (ತಾಳದ ಪೆಟ್ಟಿಲ್ಲದ ಜಾಗಕ್ಕೆ) ಸೊನ್ನೆ. ಬರೆಯಲು ಕೂತಾಗಲೇ ಸಮ ಎಲ್ಲಿ ಜಾರಿದೆ ಎನ್ನುವುದು ಕಣ್ಣಿಗೆ ಬೀಳುತ್ತದೆ, ಕಿವಿಗೆ ಅದು ಬೀಳುವುದು ತಡ.

ವಚನಕ್ಕೆ ಅಂತರಾ ಹುಡುಕುವ ಬಗೆಯೂ ಮಾತಿಗೆ ಬಂತು. ಶಿಶುನಾಳ ಶರೀಫರ ತತ್ವಪದಕ್ಕೆ ಪಲ್ಲವಿ, ನುಡಿಗಳಿರುತ್ತವೆ. ಒಂದು ನುಡಿಗೆ ಕೂಡಿಸಿದ ಧಾಟಿ ಉಳಿದ ನುಡಿಗಳಿಗೂ ನಡೆಯುತ್ತದೆ. ವಚನಕ್ಕೆ ಆ ಅನುಕೂಲವಿಲ್ಲ. ಸಾಲುಗಳು ಒಂದು ಗಿಡ್ಡ, ಒಂದು ಉದ್ದ. ವಿ ಎಲ್ಲವನ್ನೂ ಕೆಹರ್ವಾ ತಾಳದ ಎಂಟು ಮಾತ್ರೆಗೆ ತುಂಬಲು ಹೋಗಿ ಅಕ್ಷರಗಳನ್ನು ರಬ್ಬರಿನಂತೆ ಎಳೆಯುತ್ತಿದ್ದರು. ಮೊದಲು ಹಾಡದೆ, ಮೂರು ಬಾರಿ ಗಟ್ಟಿಯಾಗಿ ಓದಿ, ಅರ್ಥ ನಿಲ್ಲುವಲ್ಲಿ ಪೆನ್ಸಿಲಿನಿಂದ ಗೀಟು ಹಾಕಲು ಹೇಳಲಾಯಿತು. ವಚನದ ಮಾತು ಹೊರಳುವ ಒಂದು ಜಾಗ ಇರುತ್ತದೆ: ಹೋಲಿಕೆ ಮುಗಿದು ಪ್ರಶ್ನೆ ಏಳುವಲ್ಲಿ, ಅಥವಾ ಲೋಕವನ್ನು ಬಿಟ್ಟು ದೈವವನ್ನು ಕರೆಯುವಲ್ಲಿ. ಅಂತರಾ ಅಲ್ಲಿಂದ ಏರಲಿ. ಅಂಕಿತ ಮತ್ತೆ ಸ್ಥಾಯಿಯ ಷಡ್ಜಕ್ಕೆ ಇಳಿಯಲಿ. ಸಾಲು ಮುಗಿದು ಮಾತ್ರೆ ಉಳಿದರೆ ತಬಲಾಕ್ಕೆ ಬಿಡಿ.

ಇನ್ನು ದಿನಚರಿಯ ಮಾತು. ಇಲ್ಲಿ ಮೊದಲ ಸಲಹೆಯೇ ತಪ್ಪಿತು. ನಾಲ್ಕು ವಾರ ಏನೂ ಹಾಕಬೇಡಿ ಎಂದು ಹೇಳಲಾಗಿತ್ತು. ಒಂಬತ್ತನೇ ದಿನ ರಾತ್ರಿ ಹನ್ನೊಂದೂವರೆಗೆ ಒಂದರ ಹಿಂದೊಂದು ಮೂರು ತುಣುಕು ಹಾಕಿದರು, ಬೆಳಿಗ್ಗೆ ನಾಚಿಕೊಂಡು ಮೂರನ್ನೂ ತೆಗೆದರು. ಏಳು ದಿನದ ಹಾಳೆಯಲ್ಲಿ ಕಾರಣ ಮೊದಲೇ ಇತ್ತು, ಸರಿಯಾಗಿ ಓದಿರಲಿಲ್ಲ: ದಿನಚರಿ ತೆರೆಯುವ ಮುಂಚೆ ಹೆಚ್ಚು ಸಲ ಬರೆದ ಪದ ‘ಒಬ್ಬಾಕಿನ’. ನೌಕರಿಯಲ್ಲೂ ಮನೆಯಲ್ಲೂ ಧಾಟಿಯ ಮಾತು ಆಡಲು ಅವರಿಗೆ ಯಾರೂ ಇರಲಿಲ್ಲ. ದಿನಚರಿಯೇ ಅವರ ಸಂಗೀತದ ಕಟ್ಟೆ. ಕಟ್ಟೆಯನ್ನೇ ಕಿತ್ತರೆ ಕೂರುವುದೆಲ್ಲಿ?

ಹಾಗಾಗಿ ಮುಚ್ಚುವುದನ್ನು ಬಿಟ್ಟು ಎರಡು ಪುಸ್ತಕ ಮಾಡಿದೆವು. ಒಂದು ಕೈಬರಹದ ಕಚ್ಚಾ ಪುಸ್ತಕ, ಯಾರಿಗೂ ತೋರಿಸದ್ದು. ದಿನವೂ ಬರೆಯುವುದು ಅಲ್ಲಿ. ಇನ್ನೊಂದು ಸಾರ್ವಜನಿಕ ದಿನಚರಿ, ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಮಾತ್ರ. ಅಲ್ಲಿ ಹಾಕುವ ಧ್ವನಿ ಕನಿಷ್ಠ ಹದಿನೈದು ದಿನ ಹಳತಾಗಿರಬೇಕು, ಆರಿದ ಮೇಲೆ ಬಡಿಸಿದಂತೆ. ಬರಹ ನೂರೈವತ್ತು ಪದದೊಳಗೆ. ಯಾವ ಸಾಲಿನ ಮೇಲೆ ಕೂತೆ, ಹಿಂದಿನ ಪ್ರತಿಗಿಂತ ಏನು ಬದಲಾಯಿತು, ಯಾವುದು ಕೂಡಲಿಲ್ಲ ಮತ್ತು ಯಾಕೆ, ಮುಂದಿನ ಒಂದು ಕೆಲಸ ಯಾವುದು, ಇಷ್ಟೇ. “ಮುಂದಿನ ತಿಂಗಳು ಹತ್ತು ವಚನ” ಎಂಬಂಥ ಶಪಥ ಬೇಡ. ಶಪಥಕ್ಕೆ ಸಿಗುವ ಭೇಷ್ ಕೆಲಸ ಮುಗಿದಷ್ಟೇ ತೃಪ್ತಿ ಕೊಟ್ಟುಬಿಡುತ್ತದೆ, ಆಮೇಲೆ ಕೆಲಸಕ್ಕೆ ಕೈ ಏಳುವುದಿಲ್ಲ.

“ಹೆಂಗದ ಹೇಳ್ರಿ” ಎಂದು ಕೇಳುವುದನ್ನೂ ನಿಲ್ಲಿಸಿದರು. ಹಾಗೆ ಕೇಳಿದರೆ ಬರುವುದು ಹೂವಿನ ಚಿತ್ರ, ಇಲ್ಲವೇ ಕುಹಕ. “ಎರಡನೇ ಸಾಲಿನ ಸಮ ಯಾವ ಅಕ್ಷರದ ಮೇಲೆ ಬಿತ್ತು, ಕೇಳಿಸ್ತೇನು?” ಎಂದು ಕೇಳಿದಾಗ ಬಂದದ್ದು ಮೂರೇ ಉತ್ತರ, ಮೂರೂ ಕೆಲಸಕ್ಕೆ ಬಂದವು. ನೋಟಿಫಿಕೇಶನ್ ಬಂದ್, ಉತ್ತರ ನೋಡುವುದು ಸಂಜೆ ಏಳೂವರೆಗೆ ಕಾಲು ಗಂಟೆ, ಫೋನಿನ ಚಾರ್ಜರ್ ಅಡಿಗೆ ಮನೆಯಲ್ಲಿ. ನಿದ್ದೆ ಸುಧಾರಿಸಿದ್ದು ಮುಖ್ಯವಾಗಿ ಈ ಚಾರ್ಜರಿನಿಂದ ಎನ್ನಬೇಕು.

ಜಾತ್ರೆಯಲ್ಲಿ ಹಾಡಿದವರ ಬಗ್ಗೆ ವಿ ಒಂದು ಖಾರದ ಬರಹ ಸಿದ್ಧ ಮಾಡಿಟ್ಟಿದ್ದರು. ಮೂರು ರಾತ್ರಿ ತಡೆದು ನೋಡಿ ಎಂದೆವು. ಈ ನಡುವೆ ಕಾನೂನು ಎಷ್ಟು ಅವರ ಕಡೆ ಇದೆ ಎನ್ನುವುದನ್ನು ತಿಳಿದುಕೊಂಡರು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಂಗೀತ ಕೃತಿ ಬೇರೆ, ಪದಗಳು ಬೇರೆ, ಧ್ವನಿಮುದ್ರಣ ಬೇರೆ. ರಾಗ ಯಾರ ಸ್ವತ್ತೂ ಅಲ್ಲ, ಆ ರಾಗದಲ್ಲಿ ಕಟ್ಟಿದ ಧಾಟಿ ಕಟ್ಟಿದವರದ್ದು. ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸಂಗೀತ ಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ. ತಾರೀಖಿನ ಸಮೇತ ಇರುವ ಮೂಲ ಮುದ್ರಣ, ಸ್ವರಲಿಪಿ, ಸಾರ್ವಜನಿಕ ದಿನಚರಿಯ ದಿನಾಂಕ, ಮೂರೂ ಪುರಾವೆಗಳೇ. ವಾಟ್ಸಾಪಿನಲ್ಲಿ ದಾಟಿಸಿದ ಪ್ರತಿಯನ್ನು ಮೂಲವೆಂದು ಇಟ್ಟುಕೊಳ್ಳಬಾರದು, ಅದರ ಹೆಸರು, ತಾರೀಖು ಬದಲಾಗಿರುತ್ತವೆ. ಪದಗಳ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹನ್ನೆರಡನೇ ಶತಮಾನದ ವಚನಕ್ಕೂ 1889ರಲ್ಲಿ ತೀರಿಕೊಂಡ ಶರೀಫರ ಪದಕ್ಕೂ ಅಡ್ಡಿಯಿಲ್ಲ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ ಧಾಟಿ ಹಾಕಿ ಹೊರಗೆ ತರುವುದಾದರೆ 2041 ಮುಗಿಯುವ ತನಕ ಹಕ್ಕುದಾರರ ಒಪ್ಪಿಗೆ ಬೇಕು. ವಿ ಅವರ ಪಟ್ಟಿಯಲ್ಲಿ ಅಂಥವು ನಾಲ್ಕಿದ್ದವು. ತಾವೂ ಯಾರದ್ದನ್ನೋ ಕೇಳದೆ ಹಾಕಿದ್ದೇವೆ ಎಂಬುದು ಹೊಳೆದ ಮೇಲೆ ಖಾರದ ಬರಹ ತಣ್ಣಗಾಯಿತು. ಹಾಡಿದವರಿಗೆ ಸ್ವರಲಿಪಿಯ ಫೋಟೋ ಜೊತೆ ಖಾಸಗಿಯಾಗಿ ಎರಡು ಸಾಲು ಬರೆದರು: ಧಾಟಿ ನನ್ನದು, ಮುಂದೆ ಹಾಡಿದಾಗ ಹೆಸರು ಹೇಳಿರಿ. ಉತ್ತರ ಬಂದಿಲ್ಲ.

ಗುರುಗಳ ವಿಷಯ ಫೋನಿನಲ್ಲಿ ಬಗೆಹರಿಯುವಂಥದ್ದಲ್ಲ. ತಾಲೀಮಿನ ಚೀಜು ಕೊಟ್ಟವರ ಒಪ್ಪಿಗೆಯಿಲ್ಲದೆ ಹೊರಗೆ ಬೀಳಬಾರದು ಎನ್ನುವುದು ಕಾಯ್ದೆಗಿಂತ ಹಳೆಯ ಕಟ್ಟು. ಮೊದಲು ಆ ತುಣುಕನ್ನು ತೆಗೆಯುವುದು, ನಂತರ ಮನೆಗೇ ಹೋಗಿ ತಪ್ಪಾಯಿತು ಎನ್ನುವುದು, ಸಮಜಾಯಿಷಿ ಕೊಡದಿರುವುದು. ಕೈಯಲ್ಲಿ ಮುಗಿದ ಒಂದು ವಚನ ಇರಲಿ ಎಂದೂ ಹೇಳಲಾಗಿತ್ತು.

ಹತ್ತನೇ ವಾರದ ನಾಲ್ಕನೇ ಭೇಟಿಗೆ ಆ ವಚನ ಮುಗಿದಿತ್ತು: ಕಾಳಿ ನಾಲ್ಕು, ದಾದ್ರಾ ತಾಳ, ಏಳನೇ ಪ್ರತಿ. ಗುರುಗಳು ಕೇಳಿ ಅಂತರಾದ ಒಂದು ನಿಷಾದವನ್ನು ಬದಲಿಸಿದರಂತೆ. ದಿನಚರಿಯಲ್ಲಿ ಹಾಕಲೇ ಎಂದು ಕೇಳಿದ್ದಕ್ಕೆ “ಎರಡ ತಿಂಗಳ ಹಾಡು ತಂಗಿ, ಆಮ್ಯಾಲ ನೋಡೋಣು” ಅಂದರು. ವಿ ಅವರಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಬಸ್ಸಿನಲ್ಲಿ ಈಗಲೂ ದಿನಕ್ಕೆರಡು ಬಾರಿ ಕೈ ಫೋನಿಗೆ ಹೋಗುತ್ತದೆ, ಹಾಳೆಯಲ್ಲಿ ಅದನ್ನೂ ಬರೆದಿದ್ದಾರೆ. ಉಳಿದ ನೂರಾ ಎಂಟು ಸ್ಥಾಯಿಗಳಲ್ಲಿ ಯಾವುದನ್ನು ಎತ್ತಿಕೊಳ್ಳುವುದು ಎಂಬ ಮಾತು ಮುಂದಿನ ಭೇಟಿಗೆ ಉಳಿದಿದೆ.